ಇ-ಚಲನ್ ತಾಣ: ಕೆಲಸ ಮಾಡುತ್ತದೆ, ಆರ್‌ಸಿ ಕೈಯಲ್ಲಿರಲಿ

ನಾಳೆ ಗೂಟದ ಕಾರು ಹತ್ತುವ ಮರಿಪುಢಾರಿಯ ಬುಲೆಟ್‌ಗೂ, ಮಂಗಳೂರಿನ ಹಂಪನಕಟ್ಟೆಯಲ್ಲಿ ಸಿಗ್ನಲ್ ಹಾರಿದ ಕೆಎ-19 ಸ್ಕೂಟರಿಗೂ ದಂಡ ಕಟ್ಟಲು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಇ-ಚಲನ್ ತಾಣ ಒಂದೇ. ಗಾಡಿ ನಂಬರ್ ಜತೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಕ್ಷರ ಕೇಳುತ್ತದೆ. ಸವೆದ ಆರ್‌ಸಿಯಲ್ಲಿ 8 ಯಾವುದು, 3 ಯಾವುದು ಅಂತ ತಿಳಿಯದೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಚಲನ್ ನಂಬರ್ ಇದ್ದರೆ ಅದನ್ನೇ ಹಾಕಿ, ಸಲೀಸು.

ಖಾತೆಯಿಂದ ದುಡ್ಡು ಹೋಗಿ ರಸೀದಿ ಬಾರದಿದ್ದರೆ ಇನ್ನೊಮ್ಮೆ ಕಟ್ಟಬೇಡಿ, ಬಾಕಿ ವಹಿವಾಟಿನ ಸ್ಥಿತಿ ನೋಡಿ. ವರ್ಚುವಲ್ ಕೋರ್ಟಿಗೆ (ಆನ್‌ಲೈನಿನಲ್ಲೇ ನಡೆಯುವ ಕೋರ್ಟು) ಹೋದ ಚಲನ್ ಕಟ್ಟಲು ಆ ಕೋರ್ಟಿನ ತಾಣಕ್ಕೇ ಹೋಗಬೇಕು. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ. 2023ರ ಫೆಬ್ರವರಿಯಲ್ಲಿ ಸಿಕ್ಕಂಥ ಅರ್ಧ ರಿಯಾಯಿತಿಗಾಗಿ ಕಾಯುವವರೂ ಇದ್ದಾರೆ ಮಾರಾಯ್ರೆ! ಫೋನಿನಲ್ಲಿ ಆಗದವರಿಗೆ ಸರಕಾರಿ ಸೇವಾ ಕೇಂದ್ರವಾದ ಮಂಗಳೂರು ಒನ್ ಕೌಂಟರ್ ಇದೆ.