ಟೈರ್ ಬದಲಾಯಿಸಿದ ಮರುದಿನವೇ ಘಾಟಿಯಲ್ಲಿ ಚಕ್ರ ಕಳಚುವುದರಲ್ಲಿತ್ತು: ದಯವಿಟ್ಟು ನಟ್ಟು ನೋಡಿಕೊಳ್ಳಿ

ಕಾರ್ತಿಕ ಮಾಸದ ಒಂದು ಭಾನುವಾರ ಕುಕ್ಕೆಗೆ ಹೊರಟಿದ್ದೆವು. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ನಮ್ಮ ಕಾರಿನ ಮುಂದಿನ ಎಡ ಚಕ್ರ ಒಂದೇ ಒಂದು ನಟ್ಟಿನ ಮೇಲೆ ನಿಂತಿತ್ತು. ಕಾರಲ್ಲಿ ನಾನು, ನಮ್ಮನೆಯವರು, ನಮ್ಮತ್ತೆ, ಒಂಬತ್ತು ವರ್ಷದ ಮಗಳು. ಯಾರಿಗೂ ಏನೂ ಆಗಲಿಲ್ಲ. ಇನ್ನೂ ಎರಡು ಮೂರು ತಿರುವು ಇಳಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ. ಬೇರೆಯವರಿಗೆ ಹೀಗಾಗಬಾರದು ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಒಂದು ಸದ್ದಿನಿಂದ. ನಾನು ದಿನಾ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಕೆಲಸಕ್ಕೆ ಕಾರಲ್ಲೇ ಹೋಗಿಬರುತ್ತೇನೆ. ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಗಾಡಿ, 92,000 ಕಿಲೋಮೀಟರ್ ಓಡಿದೆ. ನವರಾತ್ರಿ ಹೊತ್ತಿಗೆ ಸ್ಪೀಡು 50 ದಾಟಿದ ಕೂಡಲೇ ಗುಂಯ್ ಅಂತ ಒಂದು ಸದ್ದು ಬರತೊಡಗಿತು, ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ. ಸ್ಪೀಡು ಏರಿದರೆ ಅದೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಒಂದು ದಿನ ಹಿಂದೆ ಮುಂದೆ ಗಾಡಿ ಇಲ್ಲದ ಸಮತಟ್ಟು ರಸ್ತೆಯಲ್ಲಿ ಕ್ಷಣ ಹೊತ್ತು ನ್ಯೂಟ್ರಲ್‌ಗೆ ಹಾಕಿ ನೋಡಿದೆ. ಎಂಜಿನ್ ಸದ್ದು ಇಳಿಯಿತು, ಗುಂಯ್ ಹಾಗೇ ಇತ್ತು. ಎಂಜಿನ್ನಿನದಲ್ಲ, ಚಕ್ರದ ಕಡೆಯದು ಅಂತ ಅಷ್ಟು ಮಾತ್ರ ನನಗೆ ತಿಳಿಯಿತು.

ಶನಿವಾರ ಮಧ್ಯಾಹ್ನ ಊರಿನ ಒಂದು ಟೈರ್ ಅಂಗಡಿಗೆ ಹೋದೆ. ಅಂಗಡಿಯವರು ಕಾರನ್ನು ಒಂದು ಮಾರು ದೂರವೂ ಓಡಿಸಿ ನೋಡಲಿಲ್ಲ. ಟೈರಿನ ಮೇಲೆ ಅಂಗೈ ಆಡಿಸಿ, "ಗರಗಸದ ಹಲ್ಲಿನ ಥರ ಸವೆದಿದೆ ಮೇಡಂ, ಅದಕ್ಕೇ ಸೌಂಡು. ನಾಲ್ಕೂ ಹಾಕಿಸ್ಕೊಂಬಿಡಿ" ಅಂದರು. ಆ ಟೈರುಗಳು ಓಡಿದ್ದು 31,000 ಕಿಲೋಮೀಟರ್. ಗೀರುಗಳ ಆಳ ಇನ್ನೂ 4 ಮಿಲಿಮೀಟರ್‌ನಷ್ಟಿತ್ತು. 1.6 ಮಿಲಿಮೀಟರ್‌ಗೆ ಇಳಿದರೆ ಟೈರು ಬದಲಾಯಿಸಲೇಬೇಕು ಅಂತ ನಿಯಮ. "ಒಂದ್ಸಲ ಓಡಿಸಿ ನೋಡ್ತೀರಾ?" ಅಂತ ಕೇಳಿದೆ. "ನಮ್ದು ದಿನಾ ಇದೇ ಕೆಲ್ಸ ಮೇಡಂ. ಬೇಕಾದ್ರೆ ನಿಮ್ಮ ಯಜಮಾನ್ರನ್ನ ಕಳ್ಸಿ, ಅವ್ರಿಗೆ ಹೇಳ್ತೀನಿ" ಅಂದರು. ಆ ಮಾತು ಚುಚ್ಚಿತು. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಆ ಕಾರು ಓಡಿಸುವವಳು ನಾನು, ಆ ಸದ್ದನ್ನು ಒಂದು ತಿಂಗಳಿಂದ ಕೇಳಿಸಿಕೊಂಡವಳು ನಾನು. ಆದರೂ ಮರುದಿನ ಘಾಟಿ ಇಳಿಯಬೇಕಿತ್ತಲ್ಲ, ಟೈರ್ ವಿಷಯದಲ್ಲಿ ಚೌಕಾಸಿ ಬೇಡ ಅಂತ ಒಪ್ಪಿಬಿಟ್ಟೆ. ನಾಲ್ಕು ಟೈರಿಗೆ 18,400, ಅಲೈನ್‌ಮೆಂಟು ಬ್ಯಾಲೆನ್ಸಿಂಗಿಗೆ 1,200, ಒಟ್ಟು 19,600 ರೂಪಾಯಿ.

ಹಣ ಕೊಡುವ ಮುಂಚೆ ಹೇಳಬಹುದಾಗಿದ್ದ ಒಂದು ಮಾತು ಆಗ ನನಗೆ ಗೊತ್ತಿರಲಿಲ್ಲ. ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ ಒಂದು ಸುತ್ತು ಓಡಿಸಿ ನೋಡಿ ಅನ್ನಬೇಕಿತ್ತು. ಸದ್ದು ಟೈರಿನದೇ ಆದರೆ ಅದೂ ಜಾಗ ಬದಲಾಯಿಸುತ್ತದೆ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗಲೂ ಟೈರ್ ಸದ್ದಿನ ರಾಗ ಎದ್ದು ಕಾಣುವಷ್ಟು ಬದಲಾಗುತ್ತದೆ. ಅರ್ಧ ಗಂಟೆಯ ಕೆಲಸ, ಇನ್ನೂರು ಮುನ್ನೂರು ರೂಪಾಯಿಯ ಖರ್ಚು.

ಈಗ ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಚಕ್ರ ಹಾಕುತ್ತಿದ್ದ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಮುಂದಿನ ಎಡ ಚಕ್ರಕ್ಕೆ ನಾಲ್ಕೂ ನಟ್ಟನ್ನು ಕೈಯಲ್ಲಿ ಸುತ್ತಿದ. ನಟ್ಟು ಬಿಗಿಸುವ ಗನ್ ತೆಗೆದುಕೊಳ್ಳಲು ಎದ್ದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ಬೇರೆ ಗಾಡಿಯ ಕಡೆ ಹೋದ. ಇನ್ನೊಬ್ಬ ಬಂದು ಜಾಕ್ ಇಳಿಸಿ, ವೀಲ್ ಕ್ಯಾಪನ್ನು ಅಂಗೈಯಲ್ಲಿ ಎರಡೇಟು ಹೊಡೆದು ಕೂರಿಸಿದ. ಆ ಚಕ್ರಕ್ಕೆ ಗನ್ ಹಿಡಿದದ್ದನ್ನು ನಾನು ನೋಡಲಿಲ್ಲ. ಆಮೇಲೆ ಮಾಡಿರಬಹುದು ಅಂದುಕೊಂಡು ಸುಮ್ಮನಾದೆ. ಬಾಯಿಬಿಟ್ಟು ಕೇಳಬೇಕಿತ್ತು.

ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲೇ ಗುಂಯ್ ಮತ್ತೆ ಕೇಳಿತು. ಫೋನ್ ಮಾಡಿದರೆ, "ಹೊಸ ಟೈರಲ್ವಾ ಮೇಡಂ, ಒಂದೈನೂರು ಕಿಲೋಮೀಟರ್ ಓಡ್ಲಿ, ಸರಿಹೋಗುತ್ತೆ" ಅಂದರು.

ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಆಲೂರು ದಾಟಿದ ಮೇಲೆ ಸ್ಟೇರಿಂಗಿನಲ್ಲಿ ಸಣ್ಣ ನಡುಕ, ಮುಷ್ಟಿಯೊಳಗೆ ಜೀರುಂಡೆ ಹಿಡಿದ ಹಾಗೆ. ಸಕಲೇಶಪುರದಲ್ಲಿ ತಿಂಡಿಗೆ ನಿಂತಾಗ ಅಂಗಡಿಗೆ ಮತ್ತೆ ಫೋನ್ ಮಾಡಿದೆ. "ಬ್ಯಾಲೆನ್ಸಿಂಗ್ ಒಂಚೂರು ಹೆಚ್ಚುಕಮ್ಮಿ ಆಗಿರ್ಬೋದು. ಹೋಗ್ಬನ್ನಿ, ಬಂದ್ಮೇಲೆ ನೋಡೋಣ." ಚಕ್ರ ಬಿಚ್ಚಿ ಹಾಕಿದ ಮರುದಿನ ಗಾಡಿ ನಡುಗುತ್ತಿದೆ ಅಂತ ಗಿರಾಕಿ ಹೇಳಿದರೆ "ಅಲ್ಲೇ ನಿಲ್ಲಿಸಿ, ಮೊದಲು ನಟ್ಟು ನೋಡಿ" ಅನ್ನಬೇಕಾದವರು ಅವರು. ನನಗೆ ಇವತ್ತಿಗೂ ಸಿಟ್ಟಿರುವುದು ಆ ಫೋನಿನ ಬಗ್ಗೆ. ಹುಡುಗ ಮರೆತ, ಅದನ್ನಾದರೂ ಕ್ಷಮಿಸಬಹುದು.

ದೋಣಿಗಾಲ್ ದಾಟಿ ಘಾಟಿ ಇಳಿಯುತ್ತಿದ್ದೆವು. ಮುಂದೆ ಒಂದು ಗ್ಯಾಸ್ ಟ್ಯಾಂಕರ್ ಇದ್ದದ್ದರಿಂದ ನಮ್ಮ ಸ್ಪೀಡು 25, 30. ಆ ನಿಧಾನದಲ್ಲೂ ಸ್ಟೇರಿಂಗು ಎಡಕ್ಕೂ ಬಲಕ್ಕೂ ತೂಗತೊಡಗಿತು. ಬ್ಯಾಲೆನ್ಸಿಂಗ್ ತಪ್ಪಿದರೆ ಬರುವ ನಡುಕ ಸಾಮಾನ್ಯವಾಗಿ 80ರ ಆಸುಪಾಸಿನಲ್ಲಿ ಶುರುವಾಗುತ್ತದೆ, 20-30ರಲ್ಲಿ ಗೊತ್ತೂ ಆಗುವುದಿಲ್ಲ. ಹಾಗಾಗಿ ಮೆಲ್ಲಗೆ ಹೋಗುವಾಗಲೂ ಕಾರು ತೂಗಾಡಿದರೆ ನಟ್ಟು ಸಡಿಲಾಗಿರಬಹುದು, ಟೈರಿನ ಒಳಪದರ ಬಿಟ್ಟು ಉಬ್ಬಿರಬಹುದು, ರಿಮ್ ಸೊಟ್ಟಗಾಗಿರಬಹುದು. ಯಾವುದೇ ಆಗಲಿ, ಮುಂದೆ ಹೋಗಬಾರದು. ಆಗ ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ನಿಲ್ಲಿಸುವ ಹಾಗೆ ಮಾಡಿದ್ದು ಮಗಳು. ಹಿಂದೆ ಎಡಗಡೆ ಕಿಟಕಿಗೆ ಕಿವಿ ಕೊಟ್ಟು ಕೂತಿದ್ದವಳು, "ಅಮ್ಮಾ, ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸ್ದಂಗೆ ಕೇಳ್ತಿದೆ" ಅಂದಳು. ಕಿಟಕಿ ಇಳಿಸಿದೆ. ಟಕ, ಟಕ, ಟಕ. ಚಕ್ರದ ಸುತ್ತಿಗೆ ಸರಿಯಾಗಿ.

ಬ್ರೇಕನ್ನು ಜೋರಾಗಿ ಒತ್ತದೆ, ಗೇರ್ ಇಳಿಸಿ, ರಸ್ತೆ ಅಗಲವಿದ್ದ ಕಡೆ ಅಂಚಿಗೆ ತಂದು ನಿಲ್ಲಿಸಿದೆ. ಅತ್ತೆಯನ್ನೂ ಮಗಳನ್ನೂ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿದ ಮೇಲೆ ನಮ್ಮನೆಯವರು ವೀಲ್ ಕ್ಯಾಪ್ ಎಳೆದರು. ಅದರೊಳಗಿಂದ ಎರಡು ನಟ್ಟು ರಸ್ತೆಗೆ ಉದುರಿದವು. ಮಗಳು ಕೇಳಿಸಿಕೊಂಡ ಕಲ್ಲು ಅವೇ. ಒಂದು ಸ್ಟಡ್, ಅಂದರೆ ನಟ್ಟು ಕೂರುವ ಬೋಲ್ಟು, ಬುಡದಲ್ಲೇ ಮುರಿದು ಹೋಗಿತ್ತು, ಮುರಿದ ಜಾಗ ಹೊಸ ಬೆಳ್ಳಿಯ ಹಾಗೆ ಮಿರುಗುತ್ತಿತ್ತು. ಉಳಿದ ಒಂದು ನಟ್ಟನ್ನು ಅವರು ಎರಡು ಬೆರಳಲ್ಲಿ ತಿರುಗಿಸಿದರು, ತಿರುಗಿತು. ರಿಮ್ಮಿನ ತೂತುಗಳು ದುಂಡಗಿರಲಿಲ್ಲ, ತಿಕ್ಕಿ ತಿಕ್ಕಿ ಮೊಟ್ಟೆಯ ಆಕಾರಕ್ಕೆ ಬಂದಿದ್ದವು. ಸುತ್ತ ಕಂದು ಪುಡಿ, ಕಾಫಿಪುಡಿ ಚೆಲ್ಲಿದ ಹಾಗೆ. ಅತ್ತೆ ಅಲ್ಲಿಂದಲೇ ಸುಬ್ರಹ್ಮಣ್ಯನಿಗೆ ಕೈಮುಗಿದರು.

ಮೇಲೆ ಹತ್ತುತ್ತಿದ್ದ ಒಂದು ಲಾರಿಯವರು ನಮ್ಮನ್ನು ನೋಡಿ ನಿಲ್ಲಿಸಿದರು. ಹೆಸರು ಕೇಳಬೇಕು ಅಂತಲೂ ಆಗ ಹೊಳೆಯಲಿಲ್ಲ, ಅದೊಂದು ಕೊರಗು ಉಳಿದಿದೆ. ಆ ರಿಮ್ ಮತ್ತೆ ಹಾಕಲೇಬಾರದು ಅಂದು ಸ್ಟೆಪ್ನಿ ತೆಗೆಸಿದರು. ಉದುರಿದ ಎರಡರಲ್ಲಿ ಒಂದು ನಟ್ಟಿನ ಒಳಗಿನ ತಿರುಪು ಹಾಳಾಗಿತ್ತು. ಅದರ ಬದಲಿಗೆ ಹಿಂದಿನ ಚಕ್ರದಿಂದ ಒಂದು ನಟ್ಟು ಬಿಚ್ಚಿ ಇದಕ್ಕೆ ಹಾಕಿ, ಎರಡು ಚಕ್ರಕ್ಕೂ ಮೂರು ಮೂರು ನಟ್ಟು ಬರುವ ಹಾಗೆ ಮಾಡಿದರು. ಉಳಿದೆರಡು ಚಕ್ರದ ನಟ್ಟುಗಳನ್ನೂ ಒಂದೊಂದಾಗಿ ಪಾನಾ ಹಾಕಿ ನೋಡಿದರು, ಅವು ಬಿಗಿಯಾಗಿದ್ದವು. "ಮೂವತ್ತರ ಮೇಲೆ ಹೋಗ್ಬೇಡಿ ಅಕ್ಕ, ಸೀದಾ ಸಕಲೇಶಪುರಕ್ಕೆ ವಾಪಸ್ ಹೋಗಿ" ಅಂದರು. ನಮ್ಮನೆಯವರು ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಸಕಲೇಶಪುರದಲ್ಲಿ ಭಾನುವಾರವೂ ತೆರೆದಿದ್ದ ಒಂದು ಸಣ್ಣ ಗ್ಯಾರೇಜ್ ಸಿಕ್ಕಿತು. ಸ್ಟಡ್ ಹಾಕಿಸಿದ ಮೇಲೆ ಗುಂಯ್ ಸದ್ದಿನ ವಿಷಯ ಹೇಳಿದೆ. ಆ ಮೆಕ್ಯಾನಿಕ್, ವಯಸ್ಸಾದವರು, ಕಾರನ್ನು ಮುಟ್ಟುವ ಮೊದಲು ನನ್ನನ್ನೇ ಕೇಳಿದರು: ಯಾವ ಸ್ಪೀಡಲ್ಲಿ ಶುರುವಾಗುತ್ತೆ? ಬ್ರೇಕ್ ಹಿಡಿದರೆ ಬದಲಾಗುತ್ತಾ? ಎಕ್ಸಲೇಟರ್ ಬಿಟ್ಟರೆ? ತಿರುವಿನಲ್ಲಿ? ಆಮೇಲೆ, "ನೀವೇ ಓಡಿಸಿ ಮೇಡಂ, ನಾನು ಪಕ್ಕ ಕೂತ್ಕೋತೀನಿ. ನಿಮ್ಮ ಕಿವಿಗೆ ಅಭ್ಯಾಸ ಇರೋ ಸದ್ದು ಅದು" ಅಂದರು. ಖಾಲಿ ರಸ್ತೆಯಲ್ಲಿ 50ರಲ್ಲಿ ಹೋಗುವಾಗ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ, ಮತ್ತೆ ಬಲಕ್ಕೆ ಎಳೆಯಲು ಹೇಳಿದರು. ಎಡಕ್ಕೆ ಎಳೆದಾಗ ಗುಂಯ್ ಜೋರಾಯಿತು, ಬಲಕ್ಕೆ ಎಳೆದಾಗ ಹೆಚ್ಚುಕಡಿಮೆ ನಿಂತೇಹೋಯಿತು. ಕಾರು ಎಡಕ್ಕೆ ತಿರುಗಿದರೆ ಭಾರ ಬಲಗಡೆಗೆ ಬೀಳುತ್ತದೆ. "ಬಲಗಡೆ ಬೇರಿಂಗು" ಅಂದರು, ಚಕ್ರ ಸಲೀಸಾಗಿ ತಿರುಗಲು ಒಳಗೆ ಇರುವ ಬಳೆಯಂಥ ಭಾಗ ಅದು. ಜಾಕ್ ಏರಿಸಿ, ಮುಂದಿನ ಬಲ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ನನ್ನ ಕೈಯನ್ನು ಒಳಗಿನ ಸ್ಪ್ರಿಂಗಿನ ಮೇಲೆ ಇಡಿಸಿದರು. ಬೀಸುವ ಕಲ್ಲಿನ ಕೆಳಗೆ ಮರಳು ಸಿಕ್ಕ ಹಾಗೆ ಗರಗರ ಅನ್ನುವುದು ಬೆರಳಿಗೆ ತಿಳಿಯಿತು. ಎಡಗಡೆ ಚಕ್ರದಲ್ಲಿ ಹಾಗೇನೂ ಇರಲಿಲ್ಲ. ಬೇರಿಂಗು, ಪ್ರೆಸ್ ಕೆಲಸ, ಕೂಲಿ ಎಲ್ಲ ಸೇರಿ 3,400 ರೂಪಾಯಿ. ವಾಪಸ್ ಹಾಸನಕ್ಕೆ ಬರುವಾಗ ಕಾರಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಕೆಲಸ ಮುಗಿಯುವವರೆಗೆ ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. ಹೆದ್ದಾರಿಯಲ್ಲಿ 80, 100ರ ಹತ್ತಿರ ಸ್ಟೇರಿಂಗ್ ಅದುರಿದರೆ ಮುಂದಿನ ಚಕ್ರದ ಬ್ಯಾಲೆನ್ಸಿಂಗ್ ನೋಡಿಸಬೇಕು, ಸೀಟು ಅದುರಿದರೆ ಹಿಂದಿನದನ್ನು. ಬ್ರೇಕ್ ಒತ್ತಿದಾಗ ಮಾತ್ರ ಪೆಡಲ್ ಕಾಲಿಗೆ ಮಿಡಿದರೆ ಡಿಸ್ಕ್ ಸಮ ಇಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಹೊರಳಿಸುವಾಗ ಕಟಕಟ ಅಂದರೆ ಆಕ್ಸಲ್‌ನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ ಅಂತ ಬಗ್ಗಿ ನೋಡಿದರೆ ಕಾಣುತ್ತದೆ. ಹಂಪ್ ಹತ್ತಿಳಿಯುವಾಗ ಟಕ್ ಅಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅಥವಾ ರಬ್ಬರ್ ಬುಷ್. ಸಿಗ್ನಲ್ಲಿನಲ್ಲಿ ನಿಂತಾಗ ಇಡೀ ಕಾರು ನಡುಗಿ, ಹೊರಟ ಮೇಲೆ ಆ ನಡುಕ ನಿಂತುಹೋದರೆ ಎಂಜಿನ್ ಮೌಂಟಿಂಗ್ ಅಥವಾ ಸ್ಪಾರ್ಕ್ ಪ್ಲಗ್ಗು. ಇವೆಲ್ಲ ಊಹೆಗೆ ದಾರಿ ಅಷ್ಟೇ, ಜಾಕ್ ಏರಿಸಿ ನೋಡದೆ ಯಾವ ಪಾರ್ಟೂ ಬದಲಾಯಿಸಬಾರದು ಅಂತ ಅವರೇ ಹೇಳಿದರು. ಅವರ ಕೈಕೆಲಸಕ್ಕಿಂತ ಅವರು ಕೇಳಿದ ಪ್ರಶ್ನೆಗಳ ಮೇಲೆ ನನಗೆ ಹೆಚ್ಚು ಗೌರವ. ನಿಮ್ಮ ಮೆಕ್ಯಾನಿಕ್ ಏನೂ ಕೇಳದೆ ಪಾರ್ಟಿನ ಹೆಸರು ಹೇಳಿದರೆ ಬೇರೆ ಕಡೆ ತೋರಿಸಿ.

ಇನ್ನು ನಟ್ಟಿನ ವಿಷಯ. ಪಂಕ್ಚರ್ ಆಗಲಿ, ಬ್ರೇಕ್ ಕೆಲಸವಾಗಲಿ, ಚಕ್ರ ಬಿಚ್ಚಿ ಮತ್ತೆ ಹಾಕಿದ ಮೇಲೆ ಜಾಕ್ ಇಳಿಸಿ, ವೀಲ್ ಕ್ಯಾಪ್ ಹಾಕುವ ಮುಂಚೆ ನಿಮ್ಮೆದುರಿಗೇ ಪಾನಾ ಹಾಕಿ ತೋರಿಸಿ ಅನ್ನಿ. ಎದುರುಬದುರು ನಟ್ಟುಗಳನ್ನು ಜೋಡಿಯಾಗಿ ಬಿಗಿಸಬೇಕು, ಸಾಲಾಗಿ ಅಲ್ಲ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಬಿಗಿ ಬೇಕು, ನಿಮ್ಮ ಗಾಡಿಯದು ಮ್ಯಾನುಯಲ್‌ನಲ್ಲಿರುತ್ತದೆ. ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದಡಿ ಉದ್ದದ ಪಾನಾದ ತುದಿಗೆ ಮೂವತ್ತು ಮೂವತ್ತೈದು ಕಿಲೋ ಭಾರ ಹಾಕಿದಷ್ಟು ಅಂತ ಲೆಕ್ಕ. ಅದರ ಮೇಲೆ ಹತ್ತಿ ಕುಣಿಯಬಾರದು, ಅತಿ ಬಿಗಿಯಾದರೂ ಸ್ಟಡ್ ಎಳೆದು ಮುರಿಯುತ್ತದೆ. 50, 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ನಮ್ಮದು ಕೆಟ್ಟದ್ದು ಸರಿಯಾಗಿ ಅಷ್ಟು ದೂರದಲ್ಲೇ.

ಸೋಮವಾರ ಟೈರ್ ಅಂಗಡಿಗೆ ಮುರಿದ ಸ್ಟಡ್ಡನ್ನೂ, ಮೊಟ್ಟೆಯಾಕಾರದ ತೂತಿನ ರಿಮ್ಮನ್ನೂ ತೆಗೆದುಕೊಂಡು ಹೋದೆವು. "ನೀವು ಓಡ್ಸೋವಾಗ ಲೂಸ್ ಆಗಿದೆ, ಅದಕ್ಕೆ ನಾವೇನ್ ಮಾಡೋಕಾಗುತ್ತೆ" ಅಂದರು. ಬಿಲ್ಲಿನ ಮೇಲೆ ಶನಿವಾರದ ತಾರೀಖಿತ್ತು, ಘಾಟಿಯಲ್ಲಿ ತೆಗೆದ ಫೋಟೋಗಳ ಮೇಲೆ ಭಾನುವಾರ ಬೆಳಿಗ್ಗೆಯ ಸಮಯವಿತ್ತು. ಅವೆರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಘಾಟಿಯಲ್ಲಿ ಆ ಗಾಬರಿಯಲ್ಲೂ ಫೋಟೋ ತೆಗೆದದ್ದು ಮಗಳು.

ಸಕಲೇಶಪುರದವರು ಹೇಳಿದ ಹಾಗೆ ಬುಧವಾರ ಆಫೀಸು ಬಿಟ್ಟ ಮೇಲೆ ಚನ್ನರಾಯಪಟ್ಟಣದಲ್ಲಿ ನಿಂತು ನಾನೇ ಪಾನಾ ಹಾಕಿ ನೋಡಿದೆ. ಹದಿನಾರರಲ್ಲಿ ಹದಿನೈದು ಕದಲಲಿಲ್ಲ. ಹೊಸ ಸ್ಟಡ್ಡಿನ ನಟ್ಟು ಕಾಲು ಸುತ್ತು ತಿರುಗಿ ಬಿಗಿಯಾಯಿತು.