ಆ ವಿಡಿಯೋದಲ್ಲಿ ಮೆಟ್ಲು ಹತ್ತೋಳು ನಾನೇ, ಅದನ್ನ ನೋಡಿ ದುಡ್ಡು ಕಟ್ಬೇಡಿ

ಮಂಡಿ ನೋವಿಗೆ ಪಿಆರ್‌ಪಿ ಇಂಜೆಕ್ಷನ್ (ನಮ್ಮದೇ ರಕ್ತದಿಂದ ತಯಾರಿಸಿ ಮಂಡಿಗೆ ಚುಚ್ಚೋದು) ಹಾಕಿಸ್ಕೊಳ್ಳೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತಾ ಇರೋರು ಇದನ್ನೊಂದ್ಸಲ ಪೂರ್ತಿ ಓದ್ಬಿಡಿ. ಒಂದು ಕ್ಲಿನಿಕ್‌ನವರ ವಿಡಿಯೋ ಓಡಾಡ್ತಾ ಇದೆ, ನೀಲಿ ಬಟ್ಟೆ ಹಾಕ್ಕೊಂಡ ಐವತ್ತು ದಾಟಿದ ಹೆಂಗಸು ಕಂಬಿ ಹಿಡೀದೆ ಮೆಟ್ಲು ಹತ್ತಿ, ಮೇಲೆ ನಿಂತು ಕ್ಯಾಮೆರಾ ಕಡೆ ತಿರುಗಿ ನಗ್ತಾಳೆ, "ಆಪರೇಷನ್ ಇಲ್ದೆ ನನ್ನ ಮಂಡಿ ನಂಗೆ ವಾಪಸ್ ಸಿಕ್ತು" ಅಂತಾಳೆ. ಅದು ನಾನು. ಅದರಲ್ಲಿ ನನ್ನ ಹೆಸರು ಹಾಕಿಲ್ಲ, ನಾನೂ ಇಲ್ಲಿ ಕ್ಲಿನಿಕ್ ಹೆಸರು ಹಾಕಲ್ಲ, ಯಾಕಂದ್ರೆ ಇದು ಒಂದು ಕ್ಲಿನಿಕ್ ಕಥೆ ಅಲ್ಲ. ಆವತ್ತು ನಾನು ಸುಳ್ಳೇನೂ ಹೇಳ್ಲಿಲ್ಲ, ನಿಜವಾಗ್ಲೂ ನೋವು ಕಮ್ಮಿ ಇತ್ತು. ಅಲ್ಲೇ ಇರೋದು ಎಡವಟ್ಟು.

ಬಲಗಡೆ ಮಂಡಿ, ಎರಡು ವರ್ಷದ ನೋವು. ಮೆಟ್ಲು ಹತ್ತೋದಕ್ಕಿಂತ ಇಳಿಯೋದು ಕಷ್ಟ, ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಈ ಮಂಡಿ ನಂದಲ್ವೇನೋ ಅನ್ನೋ ಥರ, ಆಮೇಲೆ ಸಲೀಸಾಗೋದು. ಮೊದಲು ತೋರಿಸಿದ ಡಾಕ್ಟರ್ ಎಕ್ಸ್‌ರೇ ನೋಡಿ "ಸವೆತ ಶುರುವಾಗಿದೆ, ತೂಕ ಇಳಿಸಿ, ತೊಡೆ ಗಟ್ಟಿ ಮಾಡ್ಕೊಳ್ಳಿ" ಅಂತ ಎರಡೇ ನಿಮಿಷದಲ್ಲಿ ಕಳಿಸಿಬಿಟ್ರು, ನಂಗೆ ಸಿಟ್ಟು ಬಂತು, ಇಷ್ಟು ಹೇಳೋಕೆ ಡಾಕ್ಟರೇ ಆಗ್ಬೇಕಾ ಅಂತ. (ಅವರು ಹೇಳಿದ್ದೇ ಸರಿ ಇತ್ತು, ಆದ್ರೆ ಎರಡು ನಿಮಿಷದಲ್ಲಿ ಹೇಳಿದ್ದು ಯಾರ ತಲೆಗೂ ಇಳಿಯಲ್ಲ ಸ್ವಾಮಿ.) ಇನ್ನೊಬ್ಬರ ಹತ್ರ ಹೋದೆ, ಅವರು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿದ್ರು. ಮೊದಲನೇದು ಆರು ವಾರ ಸ್ವರ್ಗ, ಎರಡನೇದು ಎರಡು ವಾರಾನೂ ಬಾಳ್ಲಿಲ್ಲ. ಮೂರನೇದು ಹಾಕಿ ಅಂತ ಕೇಳೋಕೆ ಹೊರಟಿದ್ದೆ, ಅಷ್ಟರಲ್ಲಿ ಈ ಕ್ಲಿನಿಕ್ ಜಾಹೀರಾತು ಕಣ್ಣಿಗೆ ಬಿತ್ತು.

ಅಲ್ಲಿ ಎಂಆರ್‌ಐ ಮಾಡಿಸಿದ್ರು. ದೊಡ್ಡ ಸ್ಕ್ರೀನ್ ತುಂಬ ನನ್ನ ಮಂಡಿ, ಕಪ್ಪು ತ್ರಿಕೋನದ ಮಧ್ಯೆ ಇದ್ದ ಒಂದು ಸಣ್ಣ ಬಿಳಿ ಗೆರೆ ಮೇಲೆ ಪೆನ್ನಿನ ತುದಿ ಇಟ್ಟು "ನೋಡಿ ಮೇಡಂ, ಮಿನಿಸ್ಕಸ್ ಹರಿದಿದೆ, ಹೀಗೇ ಬಿಟ್ರೆ ಮೂಳೆಗೆ ಮೂಳೆ ಉಜ್ಜೋಕೆ ಶುರುವಾಗುತ್ತೆ, ಆಮೇಲೆ ಮಂಡಿ ಬದಲಾಯಿಸೋದೊಂದೇ ದಾರಿ" ಅಂದ್ರು. (ಮಿನಿಸ್ಕಸ್ ಅಂದ್ರೆ ಮಂಡಿ ಮೂಳೆಗಳ ಮಧ್ಯೆ ಇರೋ ಮೆತ್ತೆ.) ಆ ಗೆರೆ ನೋಡಿದ ಮೇಲೆ ನನ್ನ ನಡಿಗೇನೇ ಬದಲಾಗೋಯ್ತು, ನಿಜ ಹೇಳ್ತೀನಿ, ಬರುವಾಗ ಸುಮ್ನೆ ನಡ್ಕೊಂಡು ಬಂದವಳು ಹೋಗುವಾಗ ಕುಂಟ್ಕೊಂಡು ಹೋದೆ. 2008ರಲ್ಲೇ ಬಂದ ಒಂದು ಅಧ್ಯಯನಕ್ಕೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 50ರಿಂದ 90 ವಯಸ್ಸಿನ 991 ಜನರ ಮಂಡಿ ಎಂಆರ್‌ಐ ಮಾಡಿ ನೋಡಿದ್ರಂತೆ, ನೋವಿರೋರು ಇಲ್ದೋರು ಅಂತ ಆರಿಸ್ದೆ. ಮಿನಿಸ್ಕಸ್ ಹರಿದಿದ್ದೋರಲ್ಲಿ ನೂರಕ್ಕೆ 61 ಜನಕ್ಕೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೂ ಇರ್ಲಿಲ್ಲ, ಬಿಗಿತಾನೂ ಇರ್ಲಿಲ್ಲ. ಅಂದ್ರೆ ನನ್ನ ವಯಸ್ಸಿನವರಿಗೆ ಆ ಬಿಳಿ ಗೆರೆ ತಲೆಕೂದ್ಲು ನರೆತ ಹಾಗೆ, ನೋವಿಗೆ ಅದೇ ಕಾರಣ ಅನ್ನೋಕಾಗಲ್ಲ. ಇದು ನಂಗೆ ಗೊತ್ತಾಗಿದ್ದು ದುಡ್ಡು ಕಟ್ಟಿ ಎಂಟು ತಿಂಗಳಾದ ಮೇಲೆ.

ಪ್ಯಾಕೇಜ್ ಅಂದ್ರೆ ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ನಾನು ಹಿಂದೇಟು ಹಾಕಿದಾಗ ಒಂದು ದಪ್ಪ ಫೈಲ್ ತಂದು ಟೇಬಲ್ ಮೇಲಿಟ್ರು, ಒಳಗೆಲ್ಲ ಬಣ್ಣಬಣ್ಣದ ಚೀಟಿ ಅಂಟಿಸಿದ ರಿಸರ್ಚ್ ಪೇಪರ್‌ಗಳು. "ಇಷ್ಟೊಂದು ರಿಸರ್ಚ್ ಆಗಿದೆ ಮೇಡಂ, ನಾವು ಗಾಳೀಲಿ ಗುಂಡು ಹೊಡಿಯಲ್ಲ." ನಾನು ಒಂದು ಹಾಳೆನೂ ತಿರುಗಿಸ್ಲಿಲ್ಲ, ಫೈಲ್ ದಪ್ಪ ನೋಡಿಯೇ ಸಹಿ ಹಾಕ್ದೆ. ಎರಡು ತಿಂಗಳ ಸಂಬಳ ಹೋಯ್ತು.

ಮಾಡೋದು ಹೇಗಿರುತ್ತೆ ಅಂದ್ರೆ, ಕೈಯಿಂದ ರಕ್ತ ತೆಗೀತಾರೆ, ಒಂದು ಯಂತ್ರದಲ್ಲಿ ಹಾಕಿ ಗಿರಗಿರ ತಿರುಗಿಸ್ತಾರೆ, ಕೆಂಪು ಕಣ ತಳಕ್ಕೆ ಕೂತು ಮೇಲೆ ತಿಳಿ ಹಳದಿ ನೀರು ನಿಲ್ಲುತ್ತೆ, ಪ್ಲೇಟ್‌ಲೆಟ್ ಜಾಸ್ತಿ ಇರೋ ಆ ಭಾಗವನ್ನ ಸಿರಿಂಜ್‌ಗೆ ಎಳ್ಕೊಂಡು ಮಂಡಿಯೊಳಗೆ ಬಿಡ್ತಾರೆ. ಸಿರಿಂಜನ್ನ ಬೆಳಕಿಗೆ ಹಿಡಿದು ತೋರಿಸಿ "ಇದು ನಿಮ್ಮದೇ ರಕ್ತದ ಚಿನ್ನ" ಅಂದ್ರು ನೋಡಿ, ಆ ಕ್ಷಣಕ್ಕೆ ನಾನು ಅರ್ಧ ವಾಸಿಯಾಗ್ಬಿಟ್ಟಿದ್ದೆ. ಅದಕ್ಕೂ ಒಂದು ವಾರ ಮುಂಚೆಯಿಂದ ನೋವಿನ ಮಾತ್ರೆ ನಿಲ್ಲಿಸಿದ್ರು, ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿಯಾಗುತ್ತೆ ಅಂತ. ಹಾಗಾಗಿ ಅಲ್ಲಿಗೆ ಹೋಗೋ ಹೊತ್ತಿಗೆ ಎರಡು ವರ್ಷದಲ್ಲೇ ಅತಿ ಕೆಟ್ಟ ಸ್ಥಿತೀಲಿದ್ದೆ. ಈ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರನೇ ಇಂಜೆಕ್ಷನ್ ಆಗಿ 23ನೇ ದಿನಕ್ಕೆ ವಿಡಿಯೋ ತೆಗೆದ್ರು. ಐದನೇ ತಿಂಗಳಿಗೆ ಮತ್ತೆ ಕಂಬಿ ಹಿಡ್ಕೊಂಡು ಇಳೀತಿದ್ದೆ. ಫೋನ್ ಮಾಡಿ ಹೇಳಿದ್ರೆ "ಕೆಲವರಿಗೆ ಬೂಸ್ಟರ್ ಬೇಕಾಗುತ್ತೆ" ಅಂದ್ರು, ಬೂಸ್ಟರ್ ಅಂದ್ರೆ ಇನ್ನೊಂದು ಪ್ಯಾಕೇಜು.

ಅದನ್ನೂ ಕಟ್ತಿದ್ದೆನೇನೋ, ಅಷ್ಟರಲ್ಲಿ ಅಕ್ಕನ ಮಗಳು ಸಿಕ್ಕಿದ್ಲು, ಫಿಸಿಯೋಥೆರಪಿ ಓದ್ತಿದಾಳೆ. ಫೈಲ್ ವಿಷಯ ಹೇಳಿದ್ದಕ್ಕೆ ಅವಳು ಕೇಳಿದ್ದು ಒಂದೇ, "ಯಾವುದರ ಜೊತೆ ಹೋಲಿಸಿ ನೋಡಿದ್ರಂತೆ ಚಿಕ್ಕಮ್ಮ?" ನಂಗೆ ಪ್ರಶ್ನೇನೇ ಅರ್ಥ ಆಗ್ಲಿಲ್ಲ. ಕ್ಲಿನಿಕ್‌ನಿಂದ ಆ ಫೈಲ್‌ನ ಕಾಪಿ ತರಿಸ್ಕೊಂಡು ಇಬ್ರೂ ಒಂದು ಮಧ್ಯಾಹ್ನ ಕೂತ್ವಿ. ಅರ್ಧಕ್ಕರ್ಧ ಪೇಪರ್‌ಗಳಲ್ಲಿ ಹೋಲಿಕೇನೇ ಇಲ್ಲ, ಇಂಜೆಕ್ಷನ್‌ಗೆ ಮುಂಚೆ ನೋವೆಷ್ಟು, ಆಮೇಲೆ ಎಷ್ಟು, ಅಷ್ಟೇ. ಒಂದೆರಡರಲ್ಲಿ ಇನ್ನೊಂದು ಥರದ ಇಂಜೆಕ್ಷನ್ ಜೊತೆ ಹೋಲಿಸಿದ್ರು. ಒಂದು ಪೇಪರ್ ಓದ್ತಾ ಓದ್ತಾ ಅವಳು ನಗೋಕೆ ಶುರು ಮಾಡಿದ್ಲು, ಅದು ಮೊಲದ ಮಂಡಿ.

ಫೈಲ್‌ನಲ್ಲಿ ಇಲ್ದಿದ್ದನ್ನ ಅವಳೇ ಹುಡುಕಿ ತೋರಿಸಿದ್ಲು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಮಾಡಿದ ಟ್ರಯಲ್, 2021ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದಿರೋದು. ಎಲ್ಲರೂ 50 ದಾಟಿದೋರು, ನನ್ನಂಥದ್ದೇ ಸಾಧಾರಣ ಸವೆತ, ನನ್ನಂತೇ ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಅರ್ಧ ಜನಕ್ಕೆ ಪಿಆರ್‌ಪಿ, ಇನ್ನರ್ಧಕ್ಕೆ ಬರೀ ಸಲೈನ್, ಅಂದ್ರೆ ಉಪ್ಪುನೀರು, ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಚುಚ್ಚೋ ಡಾಕ್ಟರ್‌ಗೂ ಗೊತ್ತಿಲ್ಲ. ಒಂದು ವರ್ಷ ಆದ್ಮೇಲೆ ಹತ್ತರ ಅಳತೇಲಿ ಪಿಆರ್‌ಪಿಯವರ ನೋವು 2.1 ಇಳಿದಿತ್ತು, ಉಪ್ಪುನೀರಿನವರದ್ದು 1.8. ಆ ವ್ಯತ್ಯಾಸ ಲೆಕ್ಕಕ್ಕೆ ಬರಲ್ಲ ಅಂತಾರೆ. ಕಾರ್ಟಿಲೇಜ್, ಅಂದ್ರೆ ಮೂಳೆ ತುದಿ ಮೇಲಿನ ನುಣುಪು ಪದರ, ಬೆಳೆಯುತ್ತೆ ಅಂತ ಕ್ಲಿನಿಕ್‌ನವರು ಅಂದಿದ್ರು, ಅದೂ ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ ಥರ ಸವೆದಿತ್ತು. ಆದ್ರೆ ನನ್ನ ತಲೆ ಕೆಟ್ಟಿದ್ದು ಆ 2.1 ನೋಡಿ ಅಲ್ಲ, 1.8 ನೋಡಿ. ಉಪ್ಪುನೀರು ಹಾಕಿಸ್ಕೊಂಡೋರನ್ನ ಮೆಟ್ಲು ಹತ್ತಿಸಿ ವಿಡಿಯೋ ಮಾಡಿದ್ರೆ ಅವರೂ ನನ್ನ ಹಾಗೇ ನಗ್ತಿದ್ರಲ್ವಾ.

ಇದು ಹೇಗೆ ಅಂತ ನಂಗೆ ತಲೆಗೆ ಹತ್ತೋಕೆ ಸ್ವಲ್ಪ ಟೈಮ್ ಬೇಕಾಯ್ತು. ಸವೆತದ ನೋವು ಒಂದೇ ಸಮ ಇರಲ್ಲ, ಏರುತ್ತೆ ಇಳಿಯುತ್ತೆ, ನಾವು ದುಡ್ಡು ಬಿಚ್ಚೋಕೆ ತಯಾರಾಗೋದು ಅದು ಮೇಲೇರಿದಾಗ ಮಾತ್ರ. ತುತ್ತತುದೀಲಿ ಇದ್ದದ್ದು ಮುಂದೆ ಇಳಿಯೋದೇ, ಏನೂ ಮಾಡದಿದ್ರೂ. ನನ್ನ ವಿಷಯದಲ್ಲಂತೂ ಮಾತ್ರೆ ಬೇರೆ ನಿಲ್ಲಿಸಿ ಇನ್ನೂ ಮೇಲೇರಿಸ್ಕೊಂಡು ಹೋಗಿದ್ದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಕಾಗೆಗೆ ದುಡ್ಡು ಕೊಟ್ಟಿದ್ದು ನಾನು. ಅದ್ರ ಜೊತೆ ಇಂಜೆಕ್ಷನ್ ಶುರುವಾದ ಮೇಲಿನ ಮೂರು ತಿಂಗಳಲ್ಲಿ ಇನ್ನೇನೇನೆಲ್ಲ ಮಾಡಿದ್ದೆ ಅಂತ ಅವಳು ಕೇಳಿದಾಗ ಬೆವತೋದೆ. ಕ್ಲಿನಿಕ್‌ನವರೇ ತೊಡೆ ಸ್ನಾಯುವಿನ ವ್ಯಾಯಾಮದ ಹಾಳೆ ಕೊಟ್ಟಿದ್ರು, ಇಷ್ಟು ದುಡ್ಡು ಕೊಟ್ಟಿದೀನಲ್ಲ ಅಂತ ದಿನಾ ತಪ್ಪದೆ ಮಾಡಿದ್ದೆ, ನಾಲ್ಕು ಕಿಲೋ ತೂಕಾನೂ ಇಳಿಸಿದ್ದೆ. ನೋವು ಹೋಯ್ತು ಅಂತ ಖುಷೀಲಿ ವ್ಯಾಯಾಮ ಬಿಟ್ಟೆ. ಐದನೇ ತಿಂಗಳಿಗೆ ನೋವು ವಾಪಸ್.

ಮಂಡಿಗೆ ಇಂಥ ನಾಟಕದ ಚಿಕಿತ್ಸೆ ಹೊಸದೇನಲ್ಲ. 2002ರಲ್ಲಿ ಪ್ರಕಟವಾದ ಟ್ರಯಲ್‌ಗೆ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೋಸ್ಲಿ ಅನ್ನೋ ಸರ್ಜನ್ ತಂಡ, ಸವೆತ ಇದ್ದ 180 ಜನರನ್ನ ಮೂರು ಗುಂಪು ಮಾಡ್ತು. ಒಂದು ಗುಂಪಿಗೆ ದುರ್ಬೀನು ತೂರಿಸಿ ಮಂಡಿಯೊಳಗೆ ಕೆರೆದು ಸ್ವಚ್ಛ ಮಾಡೋ ಆರ್ತ್ರೋಸ್ಕೋಪಿ, ಇನ್ನೊಂದಕ್ಕೆ ಬರೀ ತೊಳೆಯೋದು, ಮೂರನೇ ಗುಂಪಿಗೆ ಚರ್ಮ ಮಾತ್ರ ಕುಯ್ದು ಹೊಲಿಗೆ. ಮೂರನೇ ಗುಂಪಿನವರಿಗೆ ಅನುಮಾನ ಬರಬಾರದು ಅಂತ ಆಪರೇಷನ್ ಥಿಯೇಟರ್‌ನಲ್ಲಿ ಸಲೈನ್ ಎರಚಿ ಮಂಡಿ ತೊಳೆಯೋ ಸದ್ದೂ ಮಾಡಿದ್ರಂತೆ! ಎರಡು ವರ್ಷ ಹಿಂಬಾಲಿಸಿ ನೋಡಿದ್ರು, ನಿಜವಾಗಿ ಮಾಡಿಸ್ಕೊಂಡೋರು ನಾಟಕದವರಿಗಿಂತ ಒಂದು ಕೂದಲೆಳೆ ಮುಂದಿರ್ಲಿಲ್ಲ. ಸ್ಟಿರಾಯ್ಡ್ ಬಗ್ಗೆನೂ ಹೇಳ್ಬಿಡ್ತೀನಿ, ಮೂರನೇದು ಕೇಳೋಕೆ ಹೊರಟಿದ್ದೆ ಅಂದ್ನಲ್ಲ, 2017ರಲ್ಲಿ ಬಂದ ಒಂದು ಟ್ರಯಲ್‌ನಲ್ಲಿ 140 ಜನರಲ್ಲಿ ಅರ್ಧದಷ್ಟು ಜನಕ್ಕೆ ಎರಡು ವರ್ಷ, ಮೂರು ತಿಂಗಳಿಗೊಂದರಂತೆ ಸ್ಟಿರಾಯ್ಡ್ ಹಾಕಿದ್ರು, ಉಳಿದೋರಿಗೆ ಸಲೈನ್. ನೋವಲ್ಲಿ ವ್ಯತ್ಯಾಸ ಇಲ್ಲ, ಆದ್ರೆ ಸ್ಟಿರಾಯ್ಡ್‌ನವರ ಕಾರ್ಟಿಲೇಜ್ ಹೆಚ್ಚು ಸವೆದಿತ್ತು. ಅಪರೂಪಕ್ಕೊಂದು ಹಾಕಿಸ್ಕೊಳ್ಳೋದು ಬೇರೆ, ಅದನ್ನೇ ಚಟ ಮಾಡ್ಕೊಳ್ಳೋದು ಬೇರೆ.

ನ್ಯಾಯವಾಗಿ ಹೇಳ್ಬೇಕಂದ್ರೆ ಪಿಆರ್‌ಪಿ ಪರವಾಗಿ ಫಲ ಬಂದಿರೋ ಚಿಕ್ಕ ಟ್ರಯಲ್‌ಗಳೂ ಇವೆ, ಒಬ್ಬೊಬ್ರು ಒಂದೊಂದು ಥರ ತಯಾರು ಮಾಡ್ತಾರೆ, ಹಾಗಾಗಿ ಡಾಕ್ಟರ್‌ಗಳಲ್ಲೇ ಇನ್ನೂ ಜಗಳ ಮುಗಿದಿಲ್ಲ. ಜಗಳ ನಡೀತಿದೆ ಅಂತ ನಂಗೆ ಹೇಳಿದ್ದಿದ್ರೆ, ಹೇಳಿ ದುಡ್ಡು ಕೇಳಿದ್ದಿದ್ರೆ, ನಾನು ಈ ಪೋಸ್ಟ್ ಬರೀತಿರ್ಲಿಲ್ಲ. ಇದನ್ನ ಓದಿ ಆಪರೇಷನ್ ಎಲ್ಲ ಮೋಸ ಅಂತಾನೂ ಹೊರಡ್ಬೇಡಿ ದಯವಿಟ್ಟು. ಪೂರ್ತಿ ಸವೆದೋದ ಮಂಡಿಗೆ ಮಂಡಿ ಬದಲಾವಣೆ ಕೆಲಸ ಮಾಡುತ್ತೆ, 2015ರಲ್ಲಿ ಬಂದ ಟ್ರಯಲ್‌ನಲ್ಲಿ ಡೆನ್ಮಾರ್ಕ್‌ನವರು 100 ಜನರಲ್ಲಿ ಹೋಲಿಸಿಯೇ ನೋಡಿದಾರೆ, ಬರೀ ವ್ಯಾಯಾಮ ಔಷಧಿಯವರಿಗಿಂತ ಆಪರೇಷನ್ನೂ ಮಾಡಿಸ್ಕೊಂಡೋರಿಗೆ ನೋವು ಹೆಚ್ಚು ಇಳೀತು, ಗಂಭೀರ ತೊಂದರೆಗಳೂ ಅವರಲ್ಲೇ ಜಾಸ್ತಿ ಇದ್ವು. ಮಂಡಿ ದಿಢೀರಂತ ಊದಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ, ಬಿದ್ದ ಮೇಲೆ ಕಾಲೂರೋಕೇ ಆಗದಿದ್ರೆ, ಮಡಚಿದ ಮಂಡಿ ಬಿಚ್ಚೋಕೆ ಬರದೆ ಸಿಕ್ಕಾಕ್ಕೊಂಡ್ರೆ, ಪೋಸ್ಟ್ ಗೀಸ್ಟ್ ಓದ್ತಾ ಕೂರ್ಬೇಡಿ, ಆವತ್ತೇ ತೋರಿಸಿ.

ಉಳಿದಂತೆ ಯಾರಾದ್ರೂ ನಿಮ್ಮ ಮುಂದೆ ಫೈಲ್ ಇಟ್ರೆ ಅಕ್ಕನ ಮಗಳ ಪ್ರಶ್ನೆ ಕೇಳಿ. ಯಾವುದರ ಜೊತೆ ಹೋಲಿಸಿದ್ರು, ಹಾಕಿಸ್ಕೊಂಡೋರಿಗೆ ಯಾವುದು ಹಾಕಿದಾರೆ ಅಂತ ಗೊತ್ತಿತ್ತಾ, ಎಷ್ಟು ತಿಂಗಳು ನೋಡಿದ್ರು. ಬೂಸ್ಟರ್ ಬೇಡ ಅಂತ ಹೇಳೋಕೆ ಹೋದಾಗ ನಾನು ಕೌಂಟರ್‌ನಲ್ಲಿ ಇದನ್ನೇ ಕೇಳ್ದೆ. ಆ ಹುಡುಗಿ ಒಳಗೆ ಹೋಗಿ ಬಂದು "ಸರ್ ಬ್ಯುಸಿ ಇದಾರೆ ಮೇಡಂ, ನೀವೇ ನಮ್ಮ ಬೆಸ್ಟ್ ರಿಸಲ್ಟ್ ಅಲ್ವಾ" ಅಂದ್ಲು.

ಈಗ ದಿನಾ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರೋದು, ಕುರ್ಚಿಯಿಂದ ಕೈ ಊರದೆ ಹದಿನೈದು ಸಲ ಏಳೋದು, ನೋವು ಹತ್ತಕ್ಕೆ ನಾಲ್ಕು ದಾಟದ ಹಾಗೆ ನೋಡ್ಕೊಂಡು ನಡಿಗೆ. ಬೇಜಾರಿನ ಕೆಲಸ, ಇದನ್ನ ಯಾರೂ ವಿಡಿಯೋ ಮಾಡಲ್ಲ. ಒಂಬತ್ತು ತಿಂಗಳಾಯ್ತು, ಇಳಿಯುವಾಗ ಕಂಬಿ ಮುಟ್ತೀನಿ, ಹಿಡಿಯಲ್ಲ. ಕೆಟ್ಟ ವಾರಗಳು ಈಗ್ಲೂ ಬರ್ತವೆ, ಹೋಗ್ತವೆ.

ವಿಡಿಯೋ ತೆಗೀರಿ ಅಂತ ಮೂರು ಸಲ ಮೆಸೇಜ್ ಹಾಕಿದೀನಿ, ನೋಡಿದ ಗುರುತು ಬರುತ್ತೆ, ಉತ್ತರ ಬರಲ್ಲ. ಹೋದ ತಿಂಗಳು ಆಫೀಸಲ್ಲಿ ಪಕ್ಕದ ಸೆಕ್ಷನ್‌ನವರು ಸಿಕ್ಕಿ "ನಿಮ್ಮನ್ನ ವಿಡಿಯೋದಲ್ಲಿ ನೋಡಿ ಧೈರ್ಯ ಬಂತು ಮೇಡಂ, ನಮ್ಮಮ್ಮಂಗೆ ಬುಕ್ ಮಾಡ್ಬಿಟ್ಟೆ" ಅಂದ್ರು. ಮೊದಲನೇ ಇಂಜೆಕ್ಷನ್ ಆಗ್ಲೇ ಆಗೋಗಿತ್ತು.