ಪೀಮ್: ಅರವೋ, ಕೂಲಿಯ ತೂಕವೋ?

ಹೀಬ್ರೂ ಬೈಬಲಿನಲ್ಲಿ ‘ಪೀಮ್’ ಎಂಬ ಪದ ಬರುವುದು ಒಂದೇ ಕಡೆ, 1 ಸಮುವೇಲ 13:21ರಲ್ಲಿ. ಇಸ್ರಾಯೇಲಿನಲ್ಲಿ ಕಮ್ಮಾರರೇ ಇಲ್ಲದ್ದರಿಂದ ಜನರು ತಮ್ಮ ಗುಳ, ಗುದ್ದಲಿ, ಕೊಡಲಿಗಳನ್ನು ಹರಿತ ಮಾಡಿಸಲು ಫಿಲಿಷ್ಟಿಯರ ಬಳಿಗೆ ಹೋಗಬೇಕಾಗಿತ್ತು ಎಂಬ ಮಾತಿನ ಬೆನ್ನಿಗೇ ಅದು ಬರುತ್ತದೆ. ಈ ವಚನವನ್ನು ಬೋಧಿಸುವವರು ಎರಡು ಅರ್ಥಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

1611ರ ಇಂಗ್ಲಿಷ್ ಭಾಷಾಂತರ ‘ಅವರ ಬಳಿ ಅರವಿತ್ತು’ ಎನ್ನುತ್ತದೆ; ಅರವೆಂದರೆ ಲೋಹವನ್ನು ಉಜ್ಜಿ ಹರಿತ ಮಾಡುವ ಸಾಧನ. ‘ಪೆ’ ಎಂದರೆ ಬಾಯಿ. ಪೀಮ್ ಅದರ ಬಹುವಚನವೆಂದು ಊಹಿಸಿ, ಅಂಚಿನ ಟಿಪ್ಪಣಿಯಲ್ಲಿ ‘ಬಾಯಿಗಳುಳ್ಳ ಅರ’ ಎಂದೂ ಬರೆದರು. ಆದರೆ ಕೈಯಲ್ಲೇ ಅರವಿದ್ದವರು ಶತ್ರುವಿನ ಕುಲುಮೆಗೆ ಏಕೆ ಹೋದರು?

ಇನ್ನೊಂದು ಅರ್ಥ ನೆಲದಿಂದ ಎದ್ದು ಬಂದದ್ದು. ತಳ ಚಪ್ಪಟೆಯಾಗಿ ಮೇಲ್ಭಾಗ ಗುಮ್ಮಟದಂತಿರುವ, ಇದೇ ಅಕ್ಷರಗಳನ್ನು ಕೆತ್ತಿದ ಪುಟ್ಟ ಸುಣ್ಣಕಲ್ಲಿನ ತೂಕದ ಬಟ್ಟುಗಳು ಉತ್ಖನನಗಳಲ್ಲಿ ಸಿಕ್ಕಿವೆ. ಅವು ಸುಮಾರು 7.8 ಗ್ರಾಂ ತೂಗುತ್ತವೆ, ಅಂದರೆ ಶೆಕೆಲ್ ಎಂಬ ಸುಮಾರು 11.4 ಗ್ರಾಂನ ಹಳೆಯ ತೂಕದ ಮೂರರಲ್ಲಿ ಎರಡು ಪಾಲು. ನಾಣ್ಯಗಳಿಲ್ಲದ ಆ ಕಾಲದಲ್ಲಿ ಬೆಳ್ಳಿಯನ್ನು ತೂಗಿಯೇ ಕೊಡುತ್ತಿದ್ದುದರಿಂದ, ಗುಳ ಹರಿತ ಮಾಡಿಸಿದ್ದಕ್ಕೆ ಒಂದು ಪೀಮ್ ಬೆಳ್ಳಿ ಕೂಲಿ ಎಂದು ಓದಿದರೆ ವಾಕ್ಯ ಸಲೀಸಾಗುತ್ತದೆ. ಪ್ರಾಚೀನ ಗ್ರೀಕ್ ಭಾಷಾಂತರವೂ, ಮೊತ್ತ ಬೇರೆಯಾದರೂ, ಇಲ್ಲಿ ಶೆಕೆಲಿನ ಲೆಕ್ಕವನ್ನೇ ಹೇಳುತ್ತದೆ.

ನಾನಂತೂ ಎರಡನೆಯದನ್ನೇ ಆರಿಸುತ್ತೇನೆ. ಆದರೆ ಸಿಕ್ಕಿರುವ ಬಟ್ಟುಗಳು ಹೆಚ್ಚಾಗಿ ಈ ವಚನದ ಕಾಲದ ಇಸ್ರಾಯೇಲಿನ ಅರಸ ಸೌಲನಿಗಿಂತ ಶತಮಾನಗಳಷ್ಟು ಈಚಿನ ಯೆಹೂದ ರಾಜ್ಯದವು; ಆದ್ದರಿಂದ ಗ್ರಾಂ ಲೆಕ್ಕವನ್ನು ಅವನ ಕಾಲಕ್ಕೆ ಹಾಗೆಯೇ ಅಂಟಿಸಬಾರದು. ಪೀಮ್‌ನ ಪಕ್ಕದಲ್ಲಿರುವ, ‘ಕೂಲಿ’ ಎಂದು ಓದುವ ‘ಪೆಟ್ಸೀರಾ’ ಪದವೂ ಬೈಬಲಿನಲ್ಲಿ ಒಮ್ಮೆಯಷ್ಟೇ ಬರುವುದರಿಂದ, ‘ಕೂಲಿ’ ಎಂಬುದು ಸಂದರ್ಭದಿಂದ ಹೊಂದಿಸಿಕೊಂಡ ಅರ್ಥವೆಂದು ಕೇಳುಗರಿಗೆ ತಿಳಿಸುವುದು ಒಳ್ಳೆಯದು.